ಎತ್ತುವ ಮುನ್ನ

ಕುರ್ಚಿಯಿಂದ ಏಳುವ ಮನುಷ್ಯನನ್ನು ಗಮನಿಸಿ ನೋಡಿ: ಎಲ್ಲಕ್ಕಿಂತ ಮೊದಲು ಹೊರಡುವುದು ಅವನ ಮೂಗು. ಅದು ಮುಂದೆ ಬಾಗಿ ಪಾದಗಳ ನೇರಕ್ಕೆ ಬಂದ ಮೇಲಷ್ಟೇ ಉಳಿದ ದೇಹ ಹಿಂಬಾಲಿಸುತ್ತದೆ. ಮದುವೆಮನೆಯ ಊಟದ ಸಾಲಿನಲ್ಲೂ ನಾನು ಎದುರಿನವರ ಎಲೆಯನ್ನು ಬಿಟ್ಟು ಅವರು ಏಳುವ ರೀತಿಯನ್ನೇ ನೋಡುತ್ತಿರುತ್ತೇನೆ. ಮೂವತ್ತು ವರ್ಷ ನರ್ಸ್ ಆಗಿದ್ದವಳ ಚಟ. ನಿವೃತ್ತಿಯ ಆದೇಶ ಅದಕ್ಕಿನ್ನೂ ತಲುಪಿಲ್ಲ.

ನಾನು ಕೆಲಸ ಕಲಿತದ್ದು ಕನಕಪುರದ ಒಂದು ಹಳೆಯ ವಾರ್ಡಿನಲ್ಲಿ. ಫಿನಾಯಿಲ್ ವಾಸನೆ, ಗಂಜಿ ಹಾಕಿದ ಟೋಪಿ, ಕಿರುಗುಟ್ಟುವ ಟ್ರಾಲಿ. ಉಯ್ಯಂಬಳ್ಳಿ ಕಡೆಯ ರೈತರೊಬ್ಬರು ತೊಡೆ ಮುರಿದುಕೊಂಡು ಬಂದಾಗ ಅವರ ನಾಲ್ವರು ಭಾವಮೈದುನರು ಕೈಗೊಬ್ಬರು ಕಾಲಿಗೊಬ್ಬರು ಹಂಚಿಕೊಂಡು ನಿಂತೇಬಿಟ್ಟಿದ್ದರು. ತಡೆದೆ.

"ಸುಮ್ಕಿರವ್ವ, ರಾಗಿ ಮೂಟೆ ಎತ್ತೋರ್ಗೆ ನೀನೇನ್ ಹೇಳ್ಕೊಟ್ಟೀಯೆ?"

"ಮೂಟೆ ಅಯ್ಯೋ ಅನ್ನಕಿಲ್ಲ ಕಣಪ್ಪ, ನಿಮ್ ಭಾವ ಅಂತಾರೆ," ಎಂದರು ನಮ್ಮ ಹಿರಿಯ ಸಿಸ್ಟರ್. ಮಂಚದ ಚಕ್ರಕ್ಕೆ ಬ್ರೇಕ್ ಹಾಕಿಸಿ, ರೋಗಿಯ ಕೆಳಗೆ ದುಪ್ಪಟಿ ತೂರಿಸಿ, ನಮ್ಮೆಲ್ಲರ ಮಂಡಿ ಬಗ್ಗಿಸಿ, ಕೊನೆಗೆ ರೋಗಿಯನ್ನು ಹೆಸರು ಹಿಡಿದು ಕರೆದು, ಈಗೇನು ಮಾಡುತ್ತೇವೆಂದು ತಿಳಿಸಿ ಮೂರು ಎಣಿಸಿದರು. ಭಾರ ಎಲ್ಲಿ ಹೋಯಿತೋ! ಹೇಳಿ ಎತ್ತಿದರೆ ರೋಗಿಯ ಹೆದರಿಕೆಯನ್ನೂ ಎತ್ತುವ ಶ್ರಮ ತಪ್ಪುತ್ತದೆಂದು ಅಂದು ಕಲಿತೆ. ಮುಂದೆ ಎಷ್ಟೋ ಹುಡುಗಿಯರಿಗೆ ಬೈದು ಕಲಿಸಿದೆ.

ಅಂಥ ನಾನು ಮಾಡಿದ್ದನ್ನು ಕೇಳಿ. ಈ ವರ್ಷ ನಮ್ಮ ಯಜಮಾನರಿಗೆ ಲಕ್ವ ಹೊಡೆದು ಬಲಭಾಗ ಸೋತಿತು. ಅಕ್ಕೂರಿನಲ್ಲಿ ರೇಷ್ಮೆ ಹುಳು ಸಾಕಿದ ಮನುಷ್ಯ, ಮಂಚದಿಂದ ಎರಡಡಿ ದೂರದ ಕುರ್ಚಿಗೆ ಬರಲಾರದವರಾದರು. ಆಸ್ಪತ್ರೆಯಿಂದ ಮನೆಗೆ ಕರೆತಂದ ಮೊದಲ ದಿನ ಗಡಿಯಾರ ಆರು ಹೊಡೆದದ್ದೇ ತಡ, ಕಂಕುಳಿಗೆ ಕೈ ಹಾಕಿ ಎಳೆದೆ. ಜಾರಿದರು, ಸೋತ ಭುಜ ಉಳುಕಿತು. ಅಂದಿನಿಂದ ಏಳಲೊಪ್ಪದೆ ಎಡಗೈಯಲ್ಲಿ ಮಂಚದ ಪಟ್ಟಿ ಹಿಡಿದು ಮಲಗಿದರು. ಹೀಗೇ ಮಲಗಿದರೆ ಮತ್ತೆ ನಿಲ್ಲುವುದು ಕಷ್ಟವೆಂದು ಡಾಕ್ಟರು ಎಚ್ಚರಿಸಿದರು.

ನೋಡಲು ಬಂದವಳು ತಿಪ್ಪಸಂದ್ರದ ರೂಪಾ, ಹಿಂದೆ ನನ್ನ ಕೈಕೆಳಗಿದ್ದ ನರ್ಸ್.

"ಕಂಕುಳಿಗೆ ಕೈ ಹಾಕಿದ್ರಾ ಸಿಸ್ಟರ್? ನಾವು ಹಾಕಿದ್ರೆ ಚರ್ಮ ಸುಲೀತಿದ್ರಿ!"

"ಯೋಳ್ದೆ ಕೇಳ್ದೆ ಎಳುದ್ಬುಟ್ಲು ಕಣವ್ವ," ಮಂಚದಿಂದ ದೂರು.

"ಹೆಸ್ರು ಕರೆದು ಹೇಳ್ಲಿಲ್ವಾ?"

ಗಂಡನ ಹೆಸರೇ? ರೇಷನ್ ಕಾರ್ಡಿಗೆ ಕೇಳಿದಾಗಲೂ ಪಕ್ಕದವರಿಂದ ಹೇಳಿಸಿದವಳು ನಾನು. ವಾರ್ಡಿನ ಅಪರಿಚಿತರಿಗೆಲ್ಲ ಸಲ್ಲಿಸಿದ ಮರ್ಯಾದೆಯನ್ನು, ಇನ್ನೊಂದು ಮರ್ಯಾದೆಯ ನೆಪದಲ್ಲಿ, ಮನೆಯವರಿಗೆ ತಪ್ಪಿಸಿದ್ದೆ. 'ರೀ' ಎಂದಾದರೂ ಹೇಳಬಹುದಿತ್ತು, ಅದನ್ನೂ ಹೇಳಿರಲಿಲ್ಲ.

"ಕರೀರಿ ಸಿಸ್ಟರ್, ನಿಮ್ ಪೇಷೆಂಟ್ ತಾನೇ!"

ಕುರ್ಚಿಯನ್ನು ಅವರ ಎಡಕ್ಕಿಟ್ಟೆವು. ಎಬ್ಬಿಸಿ ಕೂರಿಸಿ ಸೊಂಟಕ್ಕೆ ಅಗಲದ ಬೆಲ್ಟು ಕಟ್ಟಿದೆವು. ಅವರ ಸೋತ ಮಂಡಿಗೆ ನನ್ನ ಮಂಡಿ ಆನಿಸಿದೆ.

"ಕೆಂಪಯ್ಯನವರೇ, ಈಗ ನಿಮ್ಮನ್ನು ನಿಲ್ಲಿಸ್ತೀವಿ. ಮೂರು ಅಂದಾಗ ನೀವೂ ಏಳಿ."

ಅವರು ಕಣ್ಣರಳಿಸಿದರು. "ಇನ್ನೊಂದ್ಸಲ ಕೂಗು."

ಕೂಗಿದೆ. ಮಂಚದ ಪಟ್ಟಿ ಹಿಡಿದ ಬೆರಳು ಸಡಿಲಾದವು. ಒಂದು ಎಂದೆ. ಎರಡು ಎನ್ನುವಷ್ಟರಲ್ಲೇ ಎದ್ದು ನಿಂತರು. ಎಣಿಕೆ ಮುಗಿಯುವ ಮುಂಚೆ ಎದ್ದದ್ದಕ್ಕೆ ಬೈಯಬೇಕಿತ್ತು; ಬೆಲ್ಟನ್ನು ಬಿಗಿಯಾಗಿ ಹಿಡಿದುಕೊಂಡೆ.