ಎಡಗಡೆಯ ಚೀಲ

ಸರ್ವೆ ಇಲಾಖೆಯಲ್ಲಿ ಜೀವಮಾನವಿಡೀ ಊರವರ ಹೊಲ ಅಳೆದವನು ನಾನು. ನಿವೃತ್ತನಾದ ಮೇಲೆ ಅಳೆಯಲು ಬೇರೇನೂ ಸಿಗದೆ, ಒಂದು ದಿನ ಟೇಪು ಹಿಡಿದು ನನ್ನ ಹಳೆಯ ಸೈಕಲ್ಲಿನ ಕ್ಯಾರಿಯರ್ ಅಳೆಯಲು ಕೂತೆ. ಉದ್ದ, ಅಗಲ, ಕಂಬಿಯ ದಪ್ಪ, ಪೆಡಲಿನಿಂದ ಹಿಮ್ಮಡಿಗೆ ಎಷ್ಟು ಜಾಗ, ಎಲ್ಲವನ್ನೂ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದುಕೊಂಡೆ. ಸೈಕಲ್ಲಿಗೂ ಹದ್ದುಬಸ್ತು ಮಾಡುತ್ತಿದ್ದೀರೇನು ಎಂದು ಹೆಂಡತಿ ಕಟ್ಟೆಯ ಮೇಲೆ ಕೂತು ಕೇಳಿದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಇದಕ್ಕೆಲ್ಲ ಕಾರಣ ಇಬ್ಬರು ಪರಊರಿನವರು. ಕೊಟ್ಟೂರಿನ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಅವರು ಮಂಡಕ್ಕಿ ಮಿರ್ಚಿ ತಿನ್ನುತ್ತಿದ್ದರು. ಹೊರಗೆ ಅವರ ಗೇರ್ ಸೈಕಲ್ಲುಗಳು ನಿಂತಿದ್ದವು, ಹಿಂದಿನ ಚಕ್ರದ ಎರಡೂ ಪಕ್ಕಕ್ಕೆ ಒಂದೊಂದು ದಪ್ಪ ಚೀಲ ತೂಗುಬಿದ್ದಿತ್ತು. ಬಟ್ಟೆ, ಹೊದಿಕೆ, ಅಡುಗೆ ಪಾತ್ರೆ, ಅವರ ಸಂಸಾರವೆಲ್ಲ ಅದರಲ್ಲೇ ಇತ್ತಂತೆ. ಪ್ಯಾನಿಯರ್ ಎಂದು ಹೆಸರು ಹೇಳಿದರು. ಆ ದಿನ ಮನೆಗೆ ಬಂದವನು ಊಟ ಮಾಡುವಾಗಲೇ ಹೇಳಿಬಿಟ್ಟೆ: ನಾನೂ ಒಂದು ಜೋಡಿ ತರುತ್ತೇನೆ, ಸೈಕಲ್ ಮೇಲೆ ನಮ್ಮ ಹಳೇ ಸುತ್ತು ಇನ್ನೊಮ್ಮೆ ಹಾಕಿ ಬರುತ್ತೇನೆ.

ನಮ್ಮ ಹಳೇ ಸುತ್ತು ಅಂದರೆ ನಾನು, ಹೆಂಡತಿ ಇಬ್ಬರೂ ಸೈಕಲ್ ಮೇಲೆ ಹಾಕುತ್ತಿದ್ದ ಸುತ್ತು. ಕೊಟ್ಟೂರಿನಿಂದ ಕೂಡ್ಲಿಗಿಯ ಅವಳ ಅಕ್ಕನ ಮನೆ, ಅಲ್ಲಿಂದ ಹಗರಿಬೊಮ್ಮನಹಳ್ಳಿ, ಆಮೇಲೆ ಹಡಗಲಿ, ಅವಳ ತವರು ಹಿರೇಹಡಗಲಿ, ಹರಪನಹಳ್ಳಿ, ಕೊನೆಗೆ ಚಿಗಟೇರಿಯ ನನ್ನ ತಂಗಿಯ ಮನೆ, ಮರಳಿ ಕೊಟ್ಟೂರು. ವರ್ಷಕ್ಕೊಮ್ಮೆ ಶೇಂಗಾ ಕಿತ್ತು ಮುಗಿದ ಮೇಲೆ ಹೊರಡುತ್ತಿದ್ದೆವು. ಮೋಟಾರ್ ಸೈಕಲ್ ಕೊಂಡ ಮೇಲೂ ಈ ಸುತ್ತಿಗೆ ಮಾತ್ರ ಸೈಕಲ್ಲೇ. ನೆಂಟರು ನಮ್ಮನ್ನು ನೋಡಿ ನಗುತ್ತಿದ್ದರು, ನಗಲಿ ಎಂದು ನಾವೂ ನಗುತ್ತಿದ್ದೆವು.

ಅವಳು ಕ್ಯಾರಿಯರ್ ಮೇಲೆ ಎರಡೂ ಕಾಲು ಎಡಕ್ಕೆ ಇಳಿಬಿಟ್ಟು ಕೂಡುತ್ತಿದ್ದಳು. ಬಟ್ಟೆಯ ಚೀಲವನ್ನು ಬಲಗಡೆ ಕಟ್ಟುತ್ತಿದ್ದೆ. ಎಡಗಡೆ ಏನೂ ಕಟ್ಟುವಂತಿರಲಿಲ್ಲ, ಅದು ಅವಳ ಕಾಲಿನ ಜಾಗ. ನಾನು ಎಷ್ಟು ಅಳತೆ ಹಾಕಿದರೂ ಸೈಕಲ್ ಸ್ವಲ್ಪ ಎಡಕ್ಕೆ ಎಳೆಯುತ್ತಲೇ ಇತ್ತು. ವರ್ಷಗಟ್ಟಲೆ ನನ್ನ ತೋಳು ಆ ಎಳೆತಕ್ಕೆ ಹೊಂದಿಕೊಂಡಿತ್ತು.

ಹಿಂದೆ ಕೂತು ಅವಳು ಮಾತಾಡುತ್ತಿದ್ದಳು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮನೆಯಲ್ಲಿ ಎದುರು ಕೂತರೆ ಅವಳು ಅಕ್ಕಿ ಮುಗಿದದ್ದು, ಗ್ಯಾಸ್ ಬರಲಿಲ್ಲ ಎನ್ನುವುದು, ಪಕ್ಕದ ಮನೆಯವರ ಜಗಳ, ಇಷ್ಟೇ ಹೇಳುವವಳು. ಮನಸ್ಸಿನ ಮಾತು ಬರುತ್ತಿದ್ದದ್ದು ಕ್ಯಾರಿಯರ್ ಮೇಲಿನಿಂದ, ನನ್ನ ಬೆನ್ನಿಗೆ. ಮಗಳು ಹೊಟ್ಟೆಯಲ್ಲಿದ್ದಾಳೆ ಎನ್ನುವುದನ್ನು ಹಡಗಲಿಯ ರಸ್ತೆಯಲ್ಲಿ ಹೇಳಿದಳು. ನನ್ನ ಅಣ್ಣನ ಬಗ್ಗೆ ಅವಳಿಗಿದ್ದ ಸಿಟ್ಟನ್ನು ಕೂಡ್ಲಿಗಿಯ ಏರಿನಲ್ಲಿ, ನನಗೆ ಉಸಿರು ತಿರುಗದೆ ಎದುರುತ್ತರ ಕೊಡಲಾಗದ ಜಾಗ ನೋಡಿ ಹೇಳಿದಳು. ನಾನು ತಿರುಗಿ ನೋಡಿದರೆ ಬಾಯಿ ಮುಚ್ಚುತ್ತಿದ್ದಳು. ಹಾಗಾಗಿ ನಾನು ತಿರುಗುತ್ತಿರಲಿಲ್ಲ. ಬಾಳಿನ ದೊಡ್ಡ ಸುದ್ದಿಗಳನ್ನೆಲ್ಲ ನಾನು ಮುಂದಿನ ರಸ್ತೆ ನೋಡುತ್ತಲೇ ಕೇಳಿದ್ದೇನೆ.

ಮೂರು ವರ್ಷದ ಹಿಂದೆ ಬಚ್ಚಲಿನಲ್ಲಿ ಕಾಲು ಜಾರಿ ಬಿದ್ದು ಅವಳ ಸೊಂಟದ ಕೀಲು ಮುರಿಯಿತು. ದಾವಣಗೆರೆಯಲ್ಲಿ ಬೇರೆ ಕೀಲು ಕೂರಿಸಿದರು. ಈಗ ನಡೆಯುತ್ತಾಳೆ, ಅಡುಗೆ ಮಾಡುತ್ತಾಳೆ, ನನ್ನನ್ನು ಬೈಯುತ್ತಾಳೆ. ನೆಲಕ್ಕೆ ಕೂಡುವಂತಿಲ್ಲ, ಜಿಗಿಯುವಂತಿಲ್ಲ, ಗುಂಡಿಯ ರಸ್ತೆಯಲ್ಲಿ ಸೈಕಲ್ಲಿನ ಮಾತಂತೂ ಎತ್ತುವಂತಿಲ್ಲ. ಮಗಳ ಕಾರಿನಲ್ಲಿ ಒಂದೆರಡು ಸಲ ತವರಿಗೆ ಹೋಗಿ ಬಂದೆವು. ಅವಳು ಹಿಂದಿನ ಸೀಟಿನಲ್ಲಿ ಕಿಟಕಿ ಏರಿಸಿಕೊಂಡು ಕೂತಳು. ಹಿರೇಹಡಗಲಿ ಬರುವವರೆಗೂ ತುಟಿ ಪಿಟಕ್ಕೆನ್ನಲಿಲ್ಲ.

ಮೂರು ವರ್ಷದಿಂದ ನನಗೆ ಆ ಕ್ಯಾರಿಯರ್ ಮೇಲಿನ ಮಾತಿಲ್ಲ. ಒಂದೇ ಮನೆಯಲ್ಲಿ, ಒಂದೇ ಒಲೆಯ ಸುತ್ತ ಇದ್ದೂ ನನ್ನ ಹೆಂಡತಿಗಾಗಿ ನಾನು ಹಂಬಲಿಸುತ್ತಿದ್ದೆ ಎಂದರೆ ಯಾರು ನಂಬುತ್ತಾರೆ? ಅವಳ ಮುಂದೆಯೂ ಹೇಳಲಾಗಲಿಲ್ಲ, ಎದುರಿಗೆ ಅಂಥದ್ದನ್ನು ಹೇಳುವುದು ನನಗೂ ಬರುವುದಿಲ್ಲ.

ಸುತ್ತಿನ ಮಾತು ಎತ್ತಿದಾಗ ಅವಳು ಒಂದು ಗಳಿಗೆಯೂ ತಡೆಯಲಿಲ್ಲ. ಹೋಗಿ ಬರ್ರಿ ಎಂದಳು. ಎಲ್ಲರನ್ನೂ ಕಂಡು ಬನ್ನಿ, ನನ್ನ ಕಾಲು ಆರಾಮಾಗಿದೆ ಎಂದು ಹೇಳಿ, ತವರಿನ ಹಿತ್ತಲಿನ ನುಗ್ಗೆ ಗಿಡ ಇದೆಯೋ ಕಡಿದರೋ ನೋಡಿ ಬನ್ನಿ ಎಂದಳು. ನನಗೇನೂ ಬೇಸರವಿಲ್ಲ ಎಂದೂ ಸೇರಿಸಿದಳು. ಅಷ್ಟು ಸಲೀಸಾಗಿ ಹೇಳಿದ್ದು ನನಗೆ ಒಳಗೊಳಗೇ ಸಿಟ್ಟು ತರಿಸಿತು. ಒಂದು ಮಾತಿಗಾದರೂ ಬೇಡ ಎನ್ನಬಾರದಿತ್ತೇ?

ಚೀಲ ನೋಡಲು ಹರಪನಹಳ್ಳಿಗೆ ಹೋದೆ. ಅಲ್ಲಿನ ಸೈಕಲ್ ಅಂಗಡಿಯವರು ನನ್ನ ವಯಸ್ಸಿನವರೇ, ದಾವಣಗೆರೆಯಿಂದ ಎರಡು ನಮೂನೆ ತರಿಸಿಟ್ಟಿದ್ದರು. ಒಂದರಲ್ಲಿ ಎರಡು ಚೀಲಗಳೂ ಅಗಲವಾದ ಪಟ್ಟಿಯಿಂದ ಕೂಡಿಕೊಂಡಿದ್ದವು, ಎತ್ತಿನ ಬೆನ್ನ ಮೇಲೆ ಹಾಕುವ ಹಸಿಬಿಯ ಹಾಗೆ. ಪಟ್ಟಿಯನ್ನು ಕ್ಯಾರಿಯರ್ ಮೇಲೆ ಹಾಸಿದರೆ ಆಯಿತು, ಎರಡೂ ಕಡೆ ಚೀಲ ಇಳಿಬೀಳುತ್ತದೆ. ಇನ್ನೊಂದು ನಮೂನೆಯಲ್ಲಿ ಚೀಲಗಳು ಬೇರೆ ಬೇರೆ, ಒಂದೊಂದಕ್ಕೂ ಕೊಕ್ಕೆ, ಪಕ್ಕದ ಕಂಬಿಗೆ ಸಿಕ್ಕಿಸಬೇಕು. ಅಂಗಡಿಯವರು ಮೊದಲನೆಯದನ್ನೇ ಒಯ್ಯಿರಿ ಎಂದರು. ನಮ್ಮ ಹಳೇ ಸೈಕಲ್ಲಿನ ಕಂಬಿ ದಪ್ಪ, ಕೊಕ್ಕೆ ಸರಿಯಾಗಿ ಕೂರುವುದಿಲ್ಲ, ಟ್ಯೂಬಿನ ರಬ್ಬರು ಸುತ್ತಿ ಬಿಗಿಯಬೇಕಾಗುತ್ತದೆ. ಅವರು ಹೇಳಿದ್ದು ನೂರಕ್ಕೆ ನೂರು ನಿಜವೆಂದು ನನ್ನ ಕ್ಯಾಲೆಂಡರಿನ ಅಳತೆಯೇ ಹೇಳುತ್ತಿತ್ತು. ಆದರೂ ಕೊಕ್ಕೆಯದೇ ಬೇಕೆಂದೆ. ಕ್ಯಾರಿಯರಿನ ಮೇಲ್ಭಾಗ ಖಾಲಿ ಇರಲಿ ಎಂದೆ. ಮೇಲೆ ಏನಿಡುತ್ತೀರಿ ಎಂದು ಕೇಳಿದರು. ಏನೂ ಇಲ್ಲ ಎಂದೆ.

ಅಷ್ಟಕ್ಕೇ ಸುಮ್ಮನಾಗಬೇಕಿತ್ತು. ಬಲಗಡೆಯದೊಂದೇ ಸಾಕು, ಎಡಗಡೆಯದು ಬೇಡ ಎಂದುಬಿಟ್ಟೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಇದು ಜೋಡಿ ಮಾಲು ಸಾರ್. ಎತ್ತಿನ ಜೋಡಿಯಾಗ ಒಂದನ್ನ ಬಿಟ್ಟು ಒಂದನ್ನ ಕೊಡು ಅಂದಂಗಾತು ನೀವು ಹೇಳೋದು" ಎಂದರು.

ಎರಡನ್ನೂ ತಂದೆ. ಎಡಗಡೆಯದನ್ನು ಮನೆಯಲ್ಲಿ ಜೋಳದ ಚೀಲಗಳ ಹಿಂದೆ ತುರುಕಿ, ಬಲಗಡೆಯದನ್ನು ಮಾತ್ರ ರಬ್ಬರು ಸುತ್ತಿ ಕ್ಯಾರಿಯರಿಗೆ ಬಿಗಿದೆ. ಹಿಮ್ಮಡಿಗೆ ತಾಗಬಾರದೆಂದು ನಾಲ್ಕು ಬೆರಳು ಹಿಂದಕ್ಕೆ ಸರಿಸಿದೆ. ಎಲ್ಲ ಲೆಕ್ಕಾಚಾರವೂ ಸರಿಯಾಗಿತ್ತು. ದೊಡ್ಡ ಸುತ್ತಿಗೆ ಮುಂಚೆ ಒಂದು ಪರೀಕ್ಷೆ ಆಗಲಿ ಎಂದು ಬೆಳಿಗ್ಗೆ ಚಿಗಟೇರಿಯ ತಂಗಿಯ ಮನೆಗೆ ಹೊರಟೆ. ಹೋಗುವಾಗ ಚೀಲದಲ್ಲಿ ಒಂದು ಟವೆಲು, ನೀರಿನ ಬಾಟಲಿ, ಅಷ್ಟೇ.

ನಮ್ಮ ಕಡೆಯ ಪದ್ಧತಿಯೊಂದನ್ನು ನಾನು ಅಳತೆಯಲ್ಲಿ ಸೇರಿಸಿಕೊಂಡಿರಲಿಲ್ಲ. ಮನೆಗೆ ಬಂದ ಚೀಲವನ್ನು ಯಾರೂ ಖಾಲಿ ಕಳಿಸುವುದಿಲ್ಲ. ತಂಗಿ ಹೊಸ ಚೀಲ ನೋಡಿದ್ದೇ ತಡ, ಇಷ್ಟು ದೊಡ್ಡದನ್ನು ಬರಿದು ಒಯ್ದರೆ ಅತ್ತಿಗೆ ಏನೆಂದುಕೊಂಡಾಳು ಎಂದು ತುಂಬತೊಡಗಿದಳು. ಹಸಿ ಶೇಂಗಾ, ಸವತೆಕಾಯಿ, ಖಡಕ್ ರೊಟ್ಟಿಯ ಕಟ್ಟು, ಗುರೆಳ್ಳು ಚಟ್ನಿಯ ಡಬ್ಬಿ. ಸಾಕು ಎಂದರೆ ಅವಳ ಮುಖ ಸಣ್ಣದಾಗುತ್ತದೆ. ಚೀಲದ ಬಾಯಿ ಅಗಲಿಸಿ ಹಿಡಿದೆ. ಬಲಗಡೆಯ ಚೀಲ ಬಸುರಿ ಎಮ್ಮೆಯ ಹೊಟ್ಟೆಯಾಯಿತು.

ಬರುವಾಗ ಸೈಕಲ್ ಬಲಕ್ಕೆ ಎಳೆದು ಎಳೆದು ನನ್ನನ್ನು ಸುಸ್ತು ಮಾಡಿತು. ಊರು ಇನ್ನೇನು ಬಂತು ಅನ್ನುವಾಗ, ಹಿಂದಿನಿಂದ ಬಂದ ಟ್ರ್ಯಾಕ್ಟರಿಗೆ ಜಾಗ ಬಿಡಲು ಹೋಗಿ ಬದಿಯ ಮಣ್ಣಿನಲ್ಲಿ ಉರುಳಿಬಿದ್ದೆ. ಮೊಣಕೈ ತರಚಿತು, ಸವತೆಕಾಯಿಗಳು ಜಜ್ಜಿಹೋದವು. ಟ್ರ್ಯಾಕ್ಟರಿನವನು ಇಳಿದು ಬಂದು ಎಬ್ಬಿಸಿ, ಇನ್ನೊಂದು ಚೀಲ ಎಲ್ಲಿ ಬಿತ್ತು ಎಂದು ರಸ್ತೆಯ ಉದ್ದಕ್ಕೂ ಹುಡುಕಿದ.

ಮನೆಗೆ ಬಂದಾಗ ಅವಳು ಮೊಣಕೈ ನೋಡಿದಳು, ಆಮೇಲೆ ಸೈಕಲ್ ನೋಡಿದಳು. ಒಳಗೆ ಹೋಗಿ, ಜೋಳದ ಚೀಲಗಳ ಹಿಂದಿನಿಂದ ಆ ಎಡಗಡೆಯ ಚೀಲವನ್ನು ತಂದು ಕಟ್ಟೆಯ ಮೇಲಿಟ್ಟಳು. ನಾನು ಬಚ್ಚಿಟ್ಟ ದಿನವೇ ಅವಳಿಗೆ ಗೊತ್ತಾಗಿತ್ತಂತೆ. ಅದರ ಕೊಕ್ಕೆ ಸರಿಯಿಲ್ಲ, ಹಿಂದಕ್ಕೆ ಕೊಡಬೇಕು ಎಂದೆ.

"ಸುಳ್ಳು ಯಾಕ ಹೇಳ್ತೀರಿ" ಎಂದಳು. "ನನ್ನ ಕಾಲಿಗೆ ಜಾಗ ಬಿಟ್ಟೀರಿ. ಅದನ್ನ ಖಾಲಿ ಇಟ್ಕಂಡು ಎಷ್ಟು ದೂರ ಹೋಗ್ತೀರಿ?"

ತಲೆ ತಗ್ಗಿಸಿ ಮೊಣಕೈಯ ಮಣ್ಣು ಒರೆಸುತ್ತ ನಿಂತೆ. ಅವಳು ಸೈಕಲ್ಲನ್ನು ಕಟ್ಟೆಯ ಪಕ್ಕಕ್ಕೆ ತಂದು ದೊಡ್ಡ ಸ್ಟ್ಯಾಂಡ್ ಹಾಕಿ ನಿಲ್ಲಿಸಲು ಹೇಳಿದಳು. ನಿಲ್ಲಿಸಿದೆ. ಹತ್ತಿ ಕೂಡಲು ಹೇಳಿದಳು. ಈ ವಯಸ್ಸಿನಲ್ಲಿ ಓಣಿಯವರು ನೋಡಿದರೆ ಏನೆಂದಾರು ಎಂದು ಗೊಣಗುತ್ತಲೇ ಕೂತು, ಒಂದು ಕಾಲನ್ನು ಕಟ್ಟೆಗೆ ಊರಿ ಗಟ್ಟಿಯಾಗಿ ಹಿಡಿದೆ. ಅವಳು ಕಟ್ಟೆಯ ಮೇಲೆ ನಿಂತು, ನನ್ನ ಹೆಗಲಿಗೆ ಕೈಯಿಟ್ಟು, ನಿಧಾನಕ್ಕೆ ಕ್ಯಾರಿಯರ್ ಮೇಲೆ ಕೂತಳು. ಕಾಲೆರಡೂ ಎಡಕ್ಕೆ.

ಸೈಕಲ್ ಎಡಕ್ಕೆ ಒಂಚೂರು ವಾಲಿತು. ನನ್ನ ತೋಳಿಗೆ ಆ ಎಳೆತ ಮರೆತಿರಲಿಲ್ಲ.

ತುಳಿಯಿರಿ ಎಂದಳು. ಇನ್ನೊಂದು ಕಾಲಿನಿಂದಲೇ ಮೆಲ್ಲಗೆ ತುಳಿದೆ. ನೆಲ ಬಿಟ್ಟು ನಿಂತಿದ್ದ ಹಿಂದಿನ ಚಕ್ರ ಗಾಳಿಯಲ್ಲಿ ತಿರುಗತೊಡಗಿತು. ಎದುರಿಗೆ ನಮ್ಮದೇ ಮನೆಯ ಗೋಡೆ, ಅದಕ್ಕೆ ಬಡಿದ ಮೊಳೆ, ಮೊಳೆಗೆ ನೇತುಬಿದ್ದ ಜರಡಿ. ನಾನು ಅದನ್ನೇ ರಸ್ತೆಯ ಹಾಗೆ ನೋಡುತ್ತ ತುಳಿದೆ. ಎಲ್ಲಿಗೆ ಬಂದೆವು ಎಂದು ಕೇಳಿದಳು. ಹಡಗಲಿ ದಾಟಿತು ಎಂದೆ. ಚಕ್ರ ಸಪ್ಪಳ ಮಾಡುತ್ತ ತಿರುಗಿತು. ಆಮೇಲೆ ಹಿಂದಿನಿಂದ, ಮೂರು ವರ್ಷದ ಮೇಲೆ, ಆ ದನಿ ಬಂತು.

"ಬ್ಯಾಸರ ಇಲ್ಲ ಅಂದಿದ್ದು ಸುಳ್ಳು. ನನಗೂ ಬರಬೇಕು ಅನಸ್ತೈತಿ. ದಿನಾ ಅನಸ್ತೈತಿ."

ನಾನು ತಿರುಗಲಿಲ್ಲ. ತಿರುಗಿದರೆ ನಿಲ್ಲಿಸುತ್ತಾಳೆ. ಕಣ್ಣು ಮಂಜಾಗಿ ಜರಡಿ ಕಾಣದಾಯಿತು, ಆದರೂ ತುಳಿಯುತ್ತಲೇ ಇದ್ದೆ. ಅವಳು ತವರಿನ ಬಗ್ಗೆ ಹೇಳಿದಳು, ಕಾರಿನ ಕಿಟಕಿಯಿಂದ ಏನೂ ಗುರುತು ಸಿಗಲಿಲ್ಲ ಎಂದಳು, ಆಸ್ಪತ್ರೆಯಲ್ಲಿ ಮೊದಲ ದಿನ ಕಣ್ಣು ಬಿಟ್ಟಾಗ ಕ್ಯಾರಿಯರಿನ ನೆನಪೇ ಬಂತೆಂದಳು. ಹಿರೇಹಡಗಲಿ ಬಂತು ಎಂದು ನಾನು ಹೇಳುವವರೆಗೂ ಹೇಳಿದಳು.

ಆಮೇಲೆ ನನ್ನ ಹೆಗಲು ಹಿಡಿದು ಕಟ್ಟೆಗೆ ಇಳಿದಳು. ಎಡಗಡೆಯ ಚೀಲವನ್ನು ಎತ್ತಿ, ತನ್ನ ಕಾಲು ಇದ್ದ ಜಾಗಕ್ಕೆ ತಾನೇ ಕೊಕ್ಕೆ ಸಿಕ್ಕಿಸಿದಳು. ಅದು ಅಲುಗಾಡಿತು. ರಬ್ಬರು ಕೊಡಿ ಎಂದು ಕೈ ಚಾಚಿದಳು. ಕೊಟ್ಟೆ. ಸುತ್ತಿ ಬಿಗಿದು ಎರಡು ಗಂಟು ಹಾಕಿದಳು. ಅಕ್ಕನಿಗೆಂದು ತೆಗೆದಿಟ್ಟಿದ್ದ ಸೀರೆ, ತವರಿಗೆಂದು ಉಪ್ಪಿನಕಾಯಿಯ ಡಬ್ಬಿ, ನನ್ನ ಶರಟುಗಳು, ಎಲ್ಲವನ್ನೂ ಆ ಕಡೆಗೂ ಈ ಕಡೆಗೂ ಸಮನಾಗಿ ಹಂಚಿ ತುಂಬಿದಳು.

ಮರುದಿನ ಬೆಳಿಗ್ಗೆ ಹೊರಟೆ. ಸೈಕಲ್ ಎಡಕ್ಕೂ ಎಳೆಯಲಿಲ್ಲ, ಬಲಕ್ಕೂ ಎಳೆಯಲಿಲ್ಲ, ನೆಟ್ಟಗೆ ಹೋಯಿತು. ಕೂಡ್ಲಿಗಿ ಮುಟ್ಟುವವರೆಗೂ ನನ್ನ ತೋಳು ಅದಕ್ಕೆ ಒಗ್ಗಿಕೊಳ್ಳಲಿಲ್ಲ.