ಅಂಟು ಕೈಯ ಪಾಠ

ಮೊನ್ನೆ ಅಟ್ಟದಿಂದ ನನ್ನ ಹತ್ತನೇ ತರಗತಿಯ ವಿಜ್ಞಾನದ ಪುಸ್ತಕ ಇಳಿಸಿದೆ. ನಡುವಿನ ಎರಡು ಹಾಳೆ ಒಂದಕ್ಕೊಂದು ಅಂಟಿಕೊಂಡಿದ್ದವು. ಮೆಲ್ಲಗೆ ಬಿಡಿಸಿದರೆ ಎಲೆಯ ಚಿತ್ರದ ಮೇಲೆ ಕಪ್ಪು ಹೆಬ್ಬೆಟ್ಟಿನ ಗುರುತು, ಹೊಗೆಸೊಪ್ಪಿನ ಘಾಟು ಇನ್ನೂ ಒಂದಿಷ್ಟು... ಪುಸ್ತಕ ಓದಿದವನು ನಾನು. ಹೆಬ್ಬೆಟ್ಟು ಪಕ್ಕದ ಮನೆಯ ದೊಡ್ಡವ್ವನದು.

ಓದಿದವನು ಎಂದದ್ದೂ ಸ್ವಲ್ಪ ಹೆಚ್ಚೇ ಆಯಿತು. ಹುಣಸೂರು ಮಗ್ಗುಲಿನ ನಮ್ಮೂರ ಶಾಲೆಯಲ್ಲಿ ಮೇಷ್ಟ್ರುಗಳ ಅನುಕರಣೆಯೇ ನನ್ನ ವಿದ್ಯಾಭ್ಯಾಸ. ವಿಜ್ಞಾನದ ಮೇಷ್ಟ್ರು ಕೆಮ್ಮಿ, ಕನ್ನಡಕ ಹಣೆಗೇರಿಸಿ, ಆಮೇಲೆ ಅದನ್ನೇ ಮೇಜಿನ ಮೇಲೆ ಹುಡುಕುವುದನ್ನು ಅವರಿಗಿಂತ ನಾನೇ ಚೆನ್ನಾಗಿ ಮಾಡುತ್ತಿದ್ದೆ. ಪರೀಕ್ಷೆಯಲ್ಲಿ ಕೆಮ್ಮಿಗೆ ಅಂಕವಿರಲಿಲ್ಲ. ವಿಜ್ಞಾನದಲ್ಲಿ ಫೇಲಾದೆ. ಮರುಪರೀಕ್ಷೆಗೆ ಒಂದು ತಿಂಗಳಿತ್ತು; ಅದೂ ಕೈಬಿಟ್ಟರೆ ಗೆಳೆಯರೆಲ್ಲ ಕಾಲೇಜಿಗೆ, ನಾನು ಮನೆಗೆ.

ಅದು ಹೊಗೆಸೊಪ್ಪು ಮುರಿಯುವ ಕಾಲ. ದೊಡ್ಡವ್ವನ ಮನೆಗೂ ನಮ್ಮ ಮನೆಗೂ ಮುಯ್ಯಾಳು: ಇವತ್ತು ಅವರು ನಮ್ಮ ಕೆಲಸಕ್ಕೆ, ನಾಳೆ ನಾವು ಅವರದಕ್ಕೆ. ಅವ್ವ ಒಂದು ಸಂಜೆ ನನ್ನನ್ನು ಪುಸ್ತಕದ ಸಮೇತ ದೊಡ್ಡವ್ವನ ಚಪ್ಪರಕ್ಕೆ ಅಟ್ಟಿದಳು. ಹಸಿ ಎಲೆಗಳನ್ನು ದಾರದಿಂದ ಕೋಲಿಗೆ ಕಟ್ಟಬೇಕು. ಆಮೇಲೆ ಬ್ಯಾರನ್ ಎಂಬ ಒಲೆಮನೆಯ ಬಿಸಿಯಲ್ಲಿ ಅವು ಒಣಗಿ ಹದವಾಗುತ್ತವೆ. ನಾಲ್ಕು ಎಲೆ ಕಟ್ಟುವಷ್ಟರಲ್ಲಿ ಬೆರಳೆಲ್ಲ ಕಪ್ಪು ಅಂಟು. ಬೇಸರವಾಗಿ ಪುಸ್ತಕಕ್ಕೆ ಕೈ ಹಾಕಿದೆ.

“ಅಂಟು ಕೈಲಿ ಅಕ್ಸರ ಮುಟ್ಟಬ್ಯಾಡ ಕಣ್ಲಾ. ಮಡುಗು ಅತ್ಲಾಗೆ. ಬಾಯ್ಗೇನು ಅಂಟು ಮೆತ್ಕಂಡಿಲ್ವಲ್ಲ, ಯೋಳು.”

“ಏನ್ ಯೋಳ್ಲಿ ದೊಡ್ಡವ್ವ?”

“ನಿಮ್ ಮೇಷ್ಟ್ರು ಮಾಡ್ತೀಯಲ್ಲ, ಮಾಡು.”

ಮಾಡಿದೆ. ಕೆಮ್ಮಿದೆ, ಕನ್ನಡಕ ಹುಡುಕಿದೆ. ಅವಳು ನಕ್ಕು ನಕ್ಕು ಕೋಲು ಕೆಳಗಿಟ್ಟಳು. “ಕೆಮ್ಮಾಯ್ತು. ಪಾಟ ಎಲ್ಲಿ ಮಗ?”

ಪಾಠ ಇರಲಿಲ್ಲ...

ಅಂದಿನಿಂದ ಒಂದೇ ನಿಯಮ. ಬರುವ ಮುಂಚೆ ಒಂದು ಪಾಠ ಓದಿಕೊಂಡಿರಬೇಕು. ಬಂದ ಮೇಲೆ ಪುಸ್ತಕ ತೊಲೆಯ ಮೇಲೆ. ಕೋಲು ತುಂಬುವವರೆಗೂ ಮೇಷ್ಟ್ರ ಗಂಟಲಿನಲ್ಲಿ ಅವಳಿಗೆ ಪಾಠ ಹೇಳಬೇಕು. ಶುರುವಿಗೆ ದಿನವೂ ಅದೇ ಮಾತು: “ನೆನ್ನೆದು ಮೊದ್ಲು ಯೋಳು, ಆಮೇಕೆ ಇವತ್ತಿಂದು.” ಓದು ಬಾರದವಳನ್ನು ಯಾಮಾರಿಸುವುದು ಸುಲಭ ಎಂದುಕೊಂಡಿದ್ದೆ. ನಾನು ಹೇಳಿದ ಸುಳ್ಳು ಮರುದಿನ ನನಗೆ ಮರೆತಿರುತ್ತಿತ್ತು, ಅವಳಿಗೆ ಇಲ್ಲ.

ಒಂದು ಸಂಜೆ, ಎಲೆ ಹಸಿರಾಗಿರುವುದು ಪತ್ರಹರಿತ್ತಿನಿಂದ ಎಂದು ಗತ್ತಿನಲ್ಲಿ ಹೇಳುತ್ತಿದ್ದೆ. ಅವಳು ಕೈಯಲ್ಲಿದ್ದ ಎಲೆ ಎತ್ತಿ ಹಿಡಿದಳು. “ಅಂಗಾರೆ ಬ್ಯಾರನ್ಗೆ ಆಕ್ದೇಟ್ಗೆ ಅಳ್ದಿ ಯಾಕಾಯ್ತದೆ? ಒಳಗೋಗಿ ಅಳ್ದಿ ಬಳ್ಯೋನು ಯಾವನು?”

“ಅದು ಪುಸ್ತಕದಲ್ಲಿಲ್ಲ ದೊಡ್ಡವ್ವ.”

“ನನ್ ಕೈಲಿ ಅದೆಯಲ್ಲ. ಓಗಿ ಕೇಳು.”

ಕೇಳಬೇಕಾದದ್ದು ಯಾರನ್ನು? ಅವರನ್ನೇ. ಮರುದಿನ ಬೆಳಿಗ್ಗೆ ಮೇಷ್ಟ್ರ ಮನೆ ಬಾಗಿಲಲ್ಲಿ ನಿಂತೆ. ನನ್ನ ಪ್ರತಿಭೆ ಅವರಿಗೆ ತಿಳಿಯದ್ದೇನಲ್ಲ. ಕೆಮ್ಮಿ, “ಏನಪ್ಪ, ನನ್ ನಡಿಗೆ ಏನಾದ್ರೂ ಸರಿಯಾಗಿ ಬರ್ತಿಲ್ವಾ?” ಎಂದರು. ನೆಲ ನೋಡುತ್ತ ಪ್ರಶ್ನೆ ಕೇಳಿದೆ. ಕನ್ನಡಕ ಹಣೆಯಿಂದ ಮೂಗಿಗೆ ಇಳಿಯಿತು. ಹಳದಿ ಮೊದಲೇ ಎಲೆಯೊಳಗಿರುತ್ತದೆ, ಹಸಿರು ಕರಗಿದಾಗ ಕಣ್ಣಿಗೆ ಬೀಳುತ್ತದೆ ಎಂದು ಅರ್ಧ ಗಂಟೆ ವಿವರಿಸಿದರು. ಅವತ್ತು ಅವರು ಎಷ್ಟು ಸಲ ಕೆಮ್ಮಿದರೋ, ನಾನು ಗಮನಿಸಲಿಲ್ಲ.

ಸಂಜೆ ಅದನ್ನು ಹೇಳಿದಾಗ ದೊಡ್ಡವ್ವ ತೊಲೆಯ ಮೇಲಿನ ಪುಸ್ತಕ ತೆಗೆಸಿದಳು. ತನ್ನ ನಿಯಮ ತಾನೇ ಮರೆತು ಎಲೆಯ ಚಿತ್ರಕ್ಕೆ ಹೆಬ್ಬೆಟ್ಟು ಒತ್ತಿ, “ಇದ್ರೊಳ್ಗೇ ಇತ್ತಾ...” ಎಂದಳು.

ಪಾಸಾದೆ. ಅಂಕ ಕೇಳಬೇಡಿ, ನಗುತ್ತೀರಿ. ಓಡಿಹೋಗಿ ಅವಳಿಗೆ ಹೇಳಿದರೆ, “ಅಂಗಾರೆ ನಾನೂ ಪಾಸು ಅನ್ನು” ಎಂದು ಮತ್ತೊಂದು ಕೋಲು ಎಳೆದುಕೊಂಡಳು.

ನಾನು ಬಿ.ಎಡ್. ಓದುವಾಗ ದೊಡ್ಡವ್ವ ತೀರಿಕೊಂಡಳು. ಊರಿನವರೆಲ್ಲರ ಗಂಟಲೂ ನನಗೆ ಬರುತ್ತದೆ. ಅವಳದನ್ನು ಒಬ್ಬನೇ ಇದ್ದಾಗ ಎಷ್ಟೋ ಸಲ ಮಾಡಿನೋಡಿದೆ... ಬರಲಿಲ್ಲ.

ಈಗ ಪಿರಿಯಾಪಟ್ಟಣದಲ್ಲಿ ವಿಜ್ಞಾನದ ಮೇಷ್ಟ್ರು ನಾನೇ. ನಿನ್ನೆ ತರಗತಿಗೆ ಹೋದರೆ ಒಬ್ಬ ಹುಡುಗಿ ಹಲಗೆಯ ಮುಂದೆ ನಿಂತು ನನ್ನನ್ನು ಮಾಡುತ್ತಿದ್ದಳು. ಕೈ ಬೀಸುವುದು, ಸೀಮೆಸುಣ್ಣದ ಕೈಯಲ್ಲೇ ಮೂಗು ಉಜ್ಜಿಕೊಳ್ಳುವುದು, ಎಲ್ಲ ಕರಾರುವಾಕ್ಕು. ಕಸುಬುದಾರನಾದ್ದರಿಂದ ಹೊರಗೇ ನಿಂತು ಮೆಚ್ಚಿಕೊಂಡೆ. ಆಮೇಲೆ ಅವಳು ತರಗತಿಯ ಕಡೆ ತಿರುಗಿ, ರಾಗ ಎಳೆದು ಹೇಳಿದಳು: “ನೆನ್ನೆದು ಮೊದ್ಲು ಯೋಳು, ಆಮೇಕೆ ಇವತ್ತಿಂದು.”

ಅದು ನನ್ನ ಗಂಟಲು ಎಂದುಕೊಂಡು ಮಕ್ಕಳೆಲ್ಲ ನಗುತ್ತಿದ್ದರು. ನಾನು ಒಳಗೆ ಹೋಗದೆ ಬಾಗಿಲ ಮರೆಯಲ್ಲೇ ನಿಂತೆ, ಅವಳು ಇನ್ನೊಂದು ಸಲ ಹೇಳಲಿ ಎಂದು.