ಕೂದಲೆಳೆಯಷ್ಟು ಗಿಡ್ಡ

ನಮ್ಮ ಬಡಾವಣೆ ಮಂಗೋರ್ ಹಿಲ್‌ನಲ್ಲಿ ಜಯಶ್ರೀಯನ್ನು ಅರಿಯದವರಿಲ್ಲ. ನೀರಿನ ಟ್ಯಾಂಕರ್ ಬಂದಾಗ ಸಾಲು ಮುರಿದವರನ್ನು ಕೊಡ ಸಮೇತ ಹಿಂದಕ್ಕೆ ಅಟ್ಟುವವಳು ಅವಳೇ. ಅಂಥವಳು 2006ರಲ್ಲಿ ಕ್ಯಾಲ್ಕುಲೇಟರಿಗೆ ಹೆದರಿ ಮೂಲೆ ಸೇರಿದ್ದಳು ಎಂದರೆ ಈಗ ಯಾರೂ ನಂಬುವುದಿಲ್ಲ. ನಾನು ಅವರ ಪಕ್ಕದ ಮನೆಯವಳು, ಶಾಲೆಯಲ್ಲಿ ಗಣಿತ ಹೇಳುವವಳು. ಆಗ ಬಂದ ಸಿಟ್ಟು ನನಗಿನ್ನೂ ಪೂರ್ತಿ ಇಳಿದಿಲ್ಲ.

ವೆರ್ಣಾದ ಕಾರ್ಖಾನೆಯೊಂದಕ್ಕೆ ಮಹಿಳಾ ಗಾರ್ಡುಗಳು ಬೇಕಾಗಿದ್ದರು. ಹತ್ತನೇ ಪಾಸಾಗಿಯೂ ಮನೆಮನೆಯ ಪಾತ್ರೆ ತಿಕ್ಕುತ್ತಿದ್ದ ಜಯಶ್ರೀಗೆ ಆ ನೀಲಿ ಯೂನಿಫಾರ್ಮಿನ ಮೇಲೆ ಜೀವ. ಆದರೆ ಎತ್ತರ ಕನಿಷ್ಠ 157.5 ಸೆಂಟಿಮೀಟರ್ ಇರಬೇಕಿತ್ತು. ಅವಳಪ್ಪ ಕಂಠೆಪ್ಪ ಗೌಂಡಿ, ಗೋಡೆ ಕಟ್ಟುವವ. ಮಗಳನ್ನು ಗೋಡೆಗೆ ನಿಲ್ಲಿಸಿ, ಸಣ್ಣ ಗೆರೆಗಳೆಲ್ಲ ಅಳಿಸಿಹೋದ ತನ್ನ ಟೇಪು ಹಿಡಿದು, ಐದಡಿ ಎರಡಿಂಚು ಎಂದ. ಜಯಶ್ರೀ ಅದನ್ನು ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಸೆಂಟಿಮೀಟರಿಗೆ ತಿರುಗಿಸಿದಳು. 157.48 ಬಂತು.

"ಹೋತ್ರಿ ಅಕ್ಕೋರ, ಎಲ್ಲಾ ಹೋತು. ಸೊನ್ನಿ ಪಾಯಿಂಟ್ ಸೊನ್ನಿ ಎರಡು ಕಡಿಮಿ ಬಿತ್ತು. ದೇವರು ಕೂದಲೆಳಿಯಷ್ಟರ ಉದ್ದ ಮಾಡಬಾರದಿತ್ತೇನ್ರಿ?" ಎಂದು ನನ್ನೆದುರು ಗೊಳೋ ಎಂದು ಅತ್ತಳು.

ನಾನು ಕಂಠೆಪ್ಪನನ್ನು ಕರೆದೆ. "ನಿಮ್ಮ ಟೇಪಿನಾಗ ಅರ್ಧಾ ಇಂಚು ಕಾಣಸ್ತದೇನ್ರಿ?"

"ಎಲ್ಲೀದ್ರಿ ಅಕ್ಕೋರ. ಎರಡರ ಆಸುಪಾಸು ಇತ್ತು, ಎರಡು ಅಂದೆ. ಗ್ವಾಡಿಗೆ ಅಷ್ಟು ಸಾಕು."

"ಕೇಳಿದೇನ?" ಎಂದು ಜಯಶ್ರೀಯ ಮೇಲೆ ರೇಗಿದೆ. "ನಿಮ್ಮಪ್ಪಗ ಅರ್ಧಾ ಇಂಚ ಕಾಣಂಗಿಲ್ಲ, ನಿನಗ ಕೂದಲೆಳಿ ಹ್ಯಾಂಗ ಕಾಣ್ತು? ಅಳತಿ ಎಷ್ಟು ಒರಟೋ ಲೆಕ್ಕಾನೂ ಅಷ್ಟ ಒರಟು ಇರಬೇಕು. ನೂರಾ ಐವತ್ತೇಳರ ಸುತ್ತಮುತ್ತ ಅನ್ನು, ಸುಮ್ಮನಾಗು. ಪಾಯಿಂಟಿನ ಮುಂದಿನ ಅಂಕಿ ಮೊಬೈಲ್ ಹುಟ್ಟಿಸಿದ್ದು."

ಆ ಕಂಪನಿಯವರೂ ಬಹುಶಃ ಐದಡಿ ಎರಡಿಂಚನ್ನೇ ತಿರುಗಿಸಿ, ದುಂಡಗೆ 157.5 ಎಂದು ಬರೆದಿದ್ದರು. ಹುಡುಗಿ ತನ್ನ ಅಳತೆಗೇ ಸೋತು ಕೂತಿದ್ದಳು.

ರಜೆ ಹಾಕಿ ಅವಳನ್ನು ವೆರ್ಣಾಕ್ಕೆ ಎಳೆದೊಯ್ದೆ. ಅಲ್ಲಿ ಎತ್ತರ ನೋಡುತ್ತಿದ್ದವರು ಬೆಳಗಾವಿ ಕಡೆಯ ನಿವೃತ್ತ ಹವಾಲ್ದಾರ ಲಚ್ಚಪ್ಪ. ಜಯಶ್ರೀ ಅಳತೆಯ ಹಲಗೆಗೆ ಬೆನ್ನು ಹಚ್ಚಿ ಕಣ್ಣು ಮುಚ್ಚಿದಳು. ನಾನು ಬುದ್ಧಿ ಹೇಳಿದ್ದೇನೋ ಸರಿ, ಹುಡುಗಿ ನಿಜಕ್ಕೂ ಗಿಡ್ಡ ಇದ್ದರೆ?

"ನೂರಾ ಐವತ್ತೊಂಬತ್ತು. ಪಾಸು," ಎಂದರು ಲಚ್ಚಪ್ಪ.

ಜಯಶ್ರೀ ಕದಲಲಿಲ್ಲ. "ಖರೇ ಏನ್ರಿ? ಇನ್ನೊಮ್ಮಿ ಅಳೀರಿ."

ಅವರು ಗೊಣಗುತ್ತ ಮತ್ತೆ ಪಟ್ಟಿ ಇಳಿಸಿದರು. "ನೂರಾ ಐವತ್ತೆಂಟೂವರಿ."

"ಅಯ್ಯ, ಅರ್ಧಾ ಎಲ್ಲಿ ಹೋತ್ರಿ?"

"ಮೂರನೇ ಸಲ ಕೇಳಬ್ಯಾಡವಾ, ಸಿಕ್ಕ ನೌಕರೀನೂ ಹೋದೀತು. ಇಳಿ ಕೆಳಗ!"

ಸಾಲಿನಲ್ಲಿದ್ದವರೆಲ್ಲ ನಕ್ಕರು. ಜಯಶ್ರೀ ಜಿಗಿದು ಬಂದು ನನ್ನನ್ನು ತಬ್ಬಿಕೊಂಡಳು. ನನಗೂ ಕಣ್ಣು ತುಂಬಿ ಬಂತು.

ತಿರುಗಿ ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ನೋಡುತ್ತ ಮೆಲ್ಲಗೆ ಅಂದಳು: "ಅಕ್ಕೋರ, ಹೋದ ವರ್ಷಾನೂ ಗಾರ್ಡ್ ಕೆಲಸಕ್ಕ ಕರದಿದ್ರು. ಅವಾಗೂ ಇದ ಲೆಕ್ಕಾ ಮಾಡಿ ಮನ್ಯಾಗ ಕುಂತಿದ್ದೆ."

ನಗಬೇಕೋ ಅಳಬೇಕೋ ತಿಳಿಯದೆ ಆ ನೂರಾ ಐವತ್ತೆಂಟೂವರೆಯ ತಲೆಗೆ ಒಂದು ಮೊಟಕಿದೆ.